ಡಿಜೋನಿನ ಕಲ್ಲುಗೂಬೆ

ಫ್ರಾನ್ಸಿನ ಡಿಜೋನ್ ಎಂಬ ಹಳೆಯ ಪಟ್ಟಣದ ಚರ್ಚಿನ ಗೋಡೆಯಲ್ಲಿ ಒಂದು ಕಲ್ಲಿನ ಗೂಬೆಯಿದೆ. ಎಡಗೈಯಿಂದ ಸವರಿದರೆ ಬೇಡಿದ್ದು ಸಿಗುತ್ತದೆಂದು ನಂಬಿ, ಬಂದವರೆಲ್ಲ ಅದನ್ನು ಉಜ್ಜುತ್ತಾರೆ. ಊರು ನೋಡಲು ಹೋದ ಕಾಗೆಯೂ ಎಡರೆಕ್ಕೆಯಿಂದ ಉಜ್ಜಿತು.

"ನಮ್ಮೂರಲ್ಲಿ ನಿನ್ನ ಮುಖ ನೋಡುವುದೇ ಅಪಶಕುನ, ಗೂಬಕ್ಕ. ಇಲ್ಲಿ ನೀನೇ ದೇವರಂತೆ. ನನ್ನ ಮರಿಗೆ ಚುರುಕಾದ ಕಣ್ಣು ಕೊಡು."

"ಮೊದಲು ನನ್ನ ಕಣ್ಣು ಎಲ್ಲಿದೆ ತೋರಿಸು," ಎಂದಿತು ಗೂಬೆ. "ನಿನ್ನಂಥವರೇ ಉಜ್ಜಿ ಉಜ್ಜಿ ಅಳಿಸಿದ್ದು. ಕೊಕ್ಕೊಂದು ಚೂರು ಉಳಿದಿದೆ. ರೆಕ್ಕೆ ತೆಗೆ."

"ಇಷ್ಟು ದೂರ ಬಂದಿದ್ದೇನೆ, ಇನ್ನೊಂದೇ ಸಲ," ಎನ್ನುತ್ತ ಕಾಗೆ ಆ ಕೊಕ್ಕನ್ನೂ ತಿಕ್ಕಿ ತೆಗೆಯಿತು.

ಊರಿಗೆ ಮರಳಿ ಬಳಗಕ್ಕೆಲ್ಲ ಹೇಳಿತು: "ಅಲ್ಲಿಗೆ ಹೋಗುವುದು ದಂಡ. ಆ ಗೂಬೆಗೆ ಮುಖವೇ ಇಲ್ಲ."