ಕ್ಷಮಾವಣಿ ದಿನ ಬಿಟ್ಟುಹೋದ ಮನೆ

ದೂಧಗಂಗಾ ನದಿಯ ದಂಡೆಯಲ್ಲಿ ಒಂದು ಊರು. ಆ ಊರಿನ ಜೈನ ಬಸದಿಯ ಗೋಡೆಗೆ ಒಂದು ವರ್ಷ ಹೆಜ್ಜೇನು ಕಟ್ಟಿತು. ಜೈನರ ಹತ್ತು ದಿನಗಳ ದಶಲಕ್ಷಣ ಪರ್ವ ಹತ್ತಿರ ಬಂದಿತ್ತು. ಬಸದಿಗೆ ಸುಣ್ಣ ಬಳಿಸುವ ಹೊಣೆ ಭರಮಪ್ಪನದು. ಅವನಿಗೆ ಎಲ್ಲದರಲ್ಲೂ ಅವಸರ. ಊಟಕ್ಕೆ ಕೂತರೆ ಅನ್ನ ಬೀಳುವ ಮೊದಲೇ ಮಜ್ಜಿಗೆ ಕೇಳುವ ಆಸಾಮಿ.

"ಹುಳ ತಾವಾಗೇ ಎದ್ದ ಹೋಗ್ಲಿ. ಆ ಗ್ವಾಡಿ ಹಂಗ ಇರ್ಲಿ" ಎಂದು ಬಸದಿಯ ಹಿರಿಯರಾದ ಅಪ್ಪಾಸಾಬರು ಹೇಳಿದ್ದರು. ಕಾಲಡಿಯ ಇರುವೆಯನ್ನೂ ನೋಡಿ ದಾಟುವ ಜನ ಅವರು. ಭರಮಪ್ಪ ಕೇಳಬೇಕಲ್ಲ! ಯಾರೂ ಇಲ್ಲದ ಹೊತ್ತು ನೋಡಿ ಒಣಹುಲ್ಲಿನ ಪಂಜು ಹೊತ್ತಿಸಿ ಗೂಡಿಗೆ ಹಿಡಿದುಬಿಟ್ಟ. ಪೂಜೆಗೆ ಬಂದವರು ನೋಡಿದರೆ ಅಂಗಳದ ತುಂಬ ಸತ್ತ ಹುಳಗಳು. ಹೆಂಗಸರು ಕಣ್ಣೀರು ಹಾಕಿದರು.

"ಯಾರ್ ಮಾಡಿದ್ದಿದು?" ಅಪ್ಪಾಸಾಬರು ಗುಡುಗಿದರು.

ಭರಮಪ್ಪ ಇದಕ್ಕೂ ಅವಸರ ಮಾಡಿದ. "ಹೂವಿನ ತವನಪ್ಪ ಇರಬೇಕ್ರಿ. ಹೂ ಬಿಡಿಸಾಕ ಹುಳ ಕಾಡ್ತಾವ ಅಂತಿದ್ದ" ಎಂದುಬಿಟ್ಟ.

ತವನಪ್ಪ ತನ್ನ ತೋಟದ ಹೂವನ್ನು ದಿನವೂ ಪೂಜೆಗೆ ತಂದುಕೊಡುವವನು. "ನಾನಲ್ರೀ" ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಅವನ ಬುಟ್ಟಿಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಪಾಪ, ಅವನು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತೋಟದಲ್ಲಿ ಸುಮ್ಮನೆ ಕೂತ.

ಇತ್ತ ಭರಮಪ್ಪನ ಕೆನ್ನೆ ಊದಿತು. ಹಲ್ಲುನೋವೆಂದು ಹೇಳಿ ಟವೆಲ್ ಕಟ್ಟಿಕೊಂಡು ತಿರುಗಿದ. ಆಮೇಲೆ ಹಣೆಯೂ ಊದಿತು. ಹಣೆಯಲ್ಲಿ ಯಾರಿಗೆ ಹಲ್ಲಿರುತ್ತದೆ ಹೇಳಿ! ಡಾಕ್ಟರು ಟವೆಲ್ ಬಿಚ್ಚಿಸಿ ಜೇನಿನ ಮುಳ್ಳುಗಳನ್ನು ಕಿತ್ತರು. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು.

ಪಂಚರು ಸೇರಿ ಬಹಿಷ್ಕಾರ ಹಾಕಿದರು. ಭರಮಪ್ಪ ಬಸದಿಗೆ ಬರಕೂಡದು. ಅವನೊಡನೆ ಯಾರೂ ಮಾತಾಡಕೂಡದು. ಅವನ ಮನೆಯ ನೀರನ್ನೂ ಮುಟ್ಟಕೂಡದು. ಊರಿಗೆ ಊರೇ ನಿರಾಳವಾಗಿ ಪರ್ವ ಆಚರಿಸಿತು.

ಭರಮಪ್ಪನಿಗೆ ಮೊದಮೊದಲು ನಾಚಿಕೆಯಾಗಿತ್ತು. ತವನಪ್ಪನ ಕಾಲು ಹಿಡಿಯಬೇಕು ಎಂದುಕೊಂಡಿದ್ದ. ಬಹಿಷ್ಕಾರ ಬಿದ್ದ ಮೇಲೆ ಆ ತೊಂದರೆಯೇ ತಪ್ಪಿತು. ಯಾರೂ ಮಾತಾಡುವಂತಿಲ್ಲ ಎಂದ ಮೇಲೆ ಹೋಗುವುದೆಲ್ಲಿಗೆ? ದಿನ ಕಳೆದಂತೆ ನಾಚಿಕೆ ಹೋಗಿ ಸಿಟ್ಟು ಬಂತು. ಕಟ್ಟೆಯ ಮೇಲೆ ಕೂತು, 'ಇವರೇನು ಮಹಾ ಸಾಚಾಗಳೋ?' ಎಂದು ಹೋಗಿಬರುವವರ ತಪ್ಪು ಹುಡುಕತೊಡಗಿದ.

ಪರ್ವ ಮುಗಿದು ಕ್ಷಮಾವಣಿ ದಿನ ಬಂತು. ಅಂದು ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ 'ಉತ್ತಮ ಕ್ಷಮಾ' ಎಂದು ಕೈಮುಗಿದು ಕ್ಷಮೆ ಕೇಳುತ್ತಾರೆ. ಅಪ್ಪಾಸಾಬರೂ ಊರೆಲ್ಲ ಸುತ್ತಿ, ಚಾತುರ್ಮಾಸಕ್ಕೆ ಆ ಊರಲ್ಲಿ ತಂಗಿದ್ದ ಜೈನ ಸನ್ಯಾಸಿನಿ ಮಾತಾಜಿಯವರ ಬಳಿಗೆ ಬಂದರು.

"ಎಲ್ಲಾರ ಕ್ಷಮಾ ಕೇಳಿ ಬಂದ್ರೇನು?" ಎಂದು ಮಾತಾಜಿ ವಿಚಾರಿಸಿದರು.

"ಆತ್ರಿ, ಮಾತಾಜಿ. ಒಂದ ಮನಿ ಬಿಟ್ಟೆ. ಅದು ಬಹಿಷ್ಕಾರದ್ದು."

"ಮುಂಜಾನೆ ಪ್ರಾರ್ಥನಾದಾಗ ಎಲ್ಲಾ ಜೀವಿಗಳ ಕ್ಷಮಾ ಕೇಳಿದ್ರಿ. ಇರಿವಿ, ಸೊಳ್ಳಿ ಎಲ್ಲಾ ಬಂದುವು. ಭರಮಪ್ಪ ಸೊಳ್ಳಿಗಿಂತ ಕಡಿಮಿ ಆದನೇನು?"

"ಅವ ಜೀವಾ ಸುಟ್ಟಾನ್ರಿ. ಮ್ಯಾಲ ಸುಳ್ಳ ಹೇಳ್ಯಾನ."

"ಖರೇ. ಸಣ್ಣ ತಪ್ಪಲ್ಲ ಅದು. ಆದ್ರ ತವನಪ್ಪನ ಹೂವಿನ ಬುಟ್ಟಿ ತಿರುಗಿಸಿ ಕಳಿಸಿದವರು ಯಾರು? ಅದನ್ನ ಬಾಯಿಬಿಟ್ಟು ಹೇಳಿ ಅವನ ಕ್ಷಮಾ ಕೇಳಿದ್ರೇನು?"

ಅಪ್ಪಾಸಾಬರು ತವನಪ್ಪನಿಗೂ ಎಲ್ಲರಿಗೆ ಮುಗಿದ ಹಾಗೆ ಕೈಮುಗಿದು ಬಂದಿದ್ದರು, ಅಷ್ಟೇ. ಎಲ್ಲ ತಪ್ಪನ್ನೂ ಭರಮಪ್ಪನ ತಲೆಗೆ ಕಟ್ಟಿ ಹೊರಗೆ ಹಾಕಿದ ಮೇಲೆ, ತಮ್ಮದೂ ಒಂದು ತಪ್ಪಿದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಮುದುಕರಿಗೆ ನಿಜವಾಗಿ ನಾಚಿಕೆಯಾಯಿತು. ಎದ್ದು ನೆಟ್ಟಗೆ ತೋಟಕ್ಕೆ ನಡೆದರು.

"ತವನಪ್ಪಾ, ಒಂದ ಮಾತ ವಿಚಾರಿಸಲಿಲ್ಲ, ನಿನ್ನ ಹೂ ತಿರುಗಿಸಿ ಕಳಿಸಿದ್ವಿ. ನಂದು ತಪ್ಪಾತು. ಭರಮಪ್ಪಗ ಇನ್ನ ಏನ್ ಶಿಕ್ಷಾ ಕೊಡೂಣು, ನೀನ ಹೇಳು."

ತವನಪ್ಪ ಕಣ್ಣೊರೆಸಿಕೊಂಡ. "ಅವನ ಕೂಡ ಮಾತಾಡಬ್ಯಾಡ ಅಂತ ನನಗೂ ಹೇಳಿದ್ರಲ್ಲರೀ. ಬಾಯ್ತುಂಬ ಬೈಬೇಕಂತ ಅವತ್ತಿಂದ ಹೊಟ್ಯಾಗ ಇಟಗೊಂಡ ಕುಂತೀನಿ. ಯಾರಿಗ್ ಬೈಲಿ?"

ಇಬ್ಬರೂ ಭರಮಪ್ಪನ ಮನೆಗೆ ಹೋದರು. ಅವನು ಜಗಳಕ್ಕೆ ತಯಾರಾಗಿಯೇ ಕೂತಿದ್ದ. ಆದರೆ ಅಪ್ಪಾಸಾಬರು ಕೈಮುಗಿದು, "ನಿನ್ನ ತಿದ್ದೂದ ಬಿಟ್ಟು ಬಾಗಲಾ ಹಾಕಿದ್ವಿ. ಉತ್ತಮ ಕ್ಷಮಾ" ಎಂದರು. ಭರಮಪ್ಪ ಗಡಬಡಿಸಿ ಎದ್ದು ನಿಂತ. ಅಷ್ಟರಲ್ಲಿ ತವನಪ್ಪ ಮುಂದೆ ಬಂದ.

"ಏ ಭರಮ್ಯಾ! ನಾ ನಿನಗ ಏನ್ ಮಾಡಿದ್ನೋ? 'ಜೀವಾ ಸುಟ್ಟವನ ಮಗಳು' ಅಂತ ನನ್ನ ಕೂಸಿಗಿ ಸಾಲ್ಯಾಗ ಕಾಡಿದ್ರು. ಸಾಲಿಗಿ ಹೋಗೂದಿಲ್ಲಂತ ಅಳ್ತಿತ್ತು ಅದು. ಗೊತ್ತೈತೇನ ನಿನಗ?"

ಭರಮಪ್ಪನಿಗೆ ಗೊತ್ತಿರಲಿಲ್ಲ. ಯಾರೂ ಅವನೊಡನೆ ಮಾತಾಡದ ಮೇಲೆ ಗೊತ್ತಾಗುವುದಾದರೂ ಹೇಗೆ? ಅವನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. "ನಾನ ಸುಟ್ಟೆ, ನಾನ ಸುಳ್ಳ ಹೇಳಿದೆ" ಎಂದು ಬಿಕ್ಕಿಬಿಕ್ಕಿ ಅತ್ತ.

"ಇಲ್ಲಿ ಹೇಳಿದ್ರ ಆಗೂದಿಲ್ಲ. ಬಸದ್ಯಾಗ ಹೇಳು, ನನ್ನ ಮಗಳ ಮುಂದ ಹೇಳು" ಎಂದ ತವನಪ್ಪ.

ಅಂದೇ ಬಸದಿಯಲ್ಲಿ ಎಲ್ಲರ ಮುಂದೆ, ಆ ಮಗುವಿನ ಎದುರಿಗೇ ನಿಂತು ಭರಮಪ್ಪ ಹೇಳಿದ. ಪಂಚರು ಬಹಿಷ್ಕಾರ ಹಿಂದಕ್ಕೆ ತೆಗೆದುಕೊಂಡರು. ಆದರೆ ಬಸದಿಯ ಕೆಲಸದ ಹೊಣೆಯನ್ನು ಅಪ್ಪಾಸಾಬರು ಅವನಿಂದ ತೆಗೆದರು. ಆ ವಿಷಯದಲ್ಲಿ ಎಳ್ಳಷ್ಟೂ ಸಡಿಲಿಸಲಿಲ್ಲ. ಅದರ ಬದಲು ಅವನು ದಿನವೂ ತವನಪ್ಪನ ತೋಟಕ್ಕೆ ನೀರು ಹಾಯಿಸಿ, ಹೂವಿನ ಬುಟ್ಟಿಯನ್ನು ತಾನೇ ಹೊತ್ತು ತರಬೇಕೆಂದಾಯಿತು.

ಕೊನೆಗೆ ಭರಮಪ್ಪ ತವನಪ್ಪನಿಗೆ ಕೈಮುಗಿದ. "ಕ್ಷಮಾ ಮಾಡಪಾ."

ಬಸದಿಯೆಲ್ಲ ಕಿವಿಯಾಗಿತ್ತು. ತವನಪ್ಪ ಮಗಳ ಕೈ ಹಿಡಿದುಕೊಂಡ. "ಮನಸಿನಾಗ ಇನ್ನೂ ಬಂದಿಲ್ಲೋ. ಬಂದ ದಿನ ಹೇಳ್ತೀನಿ. ಅಲ್ಲೀತನಕ ದಿನಾ ಬಾ" ಎಂದ.

ಭರಮಪ್ಪ ದಿನಾ ಹೋದ.

ನೀತಿ: ತಪ್ಪು ಮಾಡಿದವನ ಹೊಣೆ ಕಿತ್ತುಕೊಳ್ಳಿ. ನೊಂದವರ ಮುಂದೆ ನಿಲ್ಲಿಸಿ ತಪ್ಪು ಒಪ್ಪಿಸಿ, ಅವನ ಕೈಯಿಂದಲೇ ಸರಿಪಡಿಸಿ. ಆದರೆ ಹೊರಗೆ ಹಾಕಿ ಬಾಗಿಲು ಮುಚ್ಚಬೇಡಿ. ಮುಚ್ಚಿದರೆ ಅವನೂ ತಿದ್ದಿಕೊಳ್ಳುವುದಿಲ್ಲ, ಒಳಗಿರುವ ನಮಗೆ ನಮ್ಮ ತಪ್ಪೂ ಕಾಣುವುದಿಲ್ಲ.