ಮೂಲೆಯಲ್ಲಿಟ್ಟ ಮಡಕೆ

"ಕೇಳ್ರಪ್ಪೋ ಕೇಳ್ರಿ! ನಮ್ಮ ದಂಡು ಕರಿಕಲ್ಲು ಕೋಟೆಗೆ ಹೋಗಿ ವರ್ಷ ತುಂಬಿತು. ಈ ಒಂದು ವರ್ಷದ ಕುರಿತು ರಾಜಕುಮಾರಿ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನು ಕೇಳಿದ್ದನ್ನು ಮಹಾರಾಜರು ಕೊಡುತ್ತಾರೆ. ತಪ್ಪಿದವನ ತಲೆ ಹೋಗುತ್ತದೆ!"

ಡಂಗುರ ಕೇಳಿ ಕುಂಬಾರ ತಿಪ್ಪ ಮಡಕೆ ತಿರುಗಿಸುತ್ತಿದ್ದ ತಿಗರಿ ನಿಲ್ಲಿಸಿದ. ಅವನ ತಮ್ಮ ಸಣ್ಣೀರ ಅದೇ ದಂಡಿನಲ್ಲಿ ಹೋದವನು. ಸತ್ತವರ ಹೆಸರಿನ ಓಲೆ ಅರಮನೆಗೆ ಬಂದಿದೆಯಂತೆ. ರಾಜ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾನಂತೆ. ತಿಪ್ಪನ ತಾಯಿ ಗಿಡ್ಡವ್ವ ಒಂದು ಮಡಕೆ ಆರಿಸಿ ಮೂಲೆಯಲ್ಲಿಟ್ಟಿದ್ದಳು. ಯಾರಿಗೂ ಮಾರಬೇಡ ಎಂದಿದ್ದಳು. ಯಾಕೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಹೆತ್ತು ಹನ್ನೊಂದು ದಿನವಾಗಿದ್ದ ಹೆಂಡತಿ ಚೆನ್ನಿ ಒಳಗಿಂದಲೇ ಅಂದಳು: "ಮನೆಯಲ್ಲಿ ಉಪ್ಪೆಲ್ಲಿದೆ ಅಂತ ಗೊತ್ತಿಲ್ಲ, ಅರಮನೆಯ ಒಗಟು ಬಿಡಿಸ್ತೀಯಾ?"

"ಅವ್ವ ವರ್ಷದಿಂದ ನಿದ್ದೆ ಮಾಡಿಲ್ಲ ಕಣೇ."

ಚೆನ್ನಿ ಅವನ ವಲ್ಲಿಯನ್ನು ಹೊರಗೆ ಚಾಚಿದಳು, ತಿಪ್ಪ ಅರಮನೆಗೆ ನಡೆದ.

ಸಭೆಯಲ್ಲಿ ರಾಜಕುಮಾರಿಯೂ ನಿದ್ದೆಗೆಟ್ಟವಳಂತಿದ್ದಳು, ಅವಳ ಅಣ್ಣನೂ ಅದೇ ದಂಡಿನಲ್ಲಿದ್ದ. ಅವಳು ಮೊದಲ ಒಗಟು ಹಾಕಿದಳು: "ಹುಟ್ಟಿದ ಮನೆಯಲ್ಲಿ ನೆಲಕ್ಕಿಳಿಯುತ್ತದೆ, ಸತ್ತ ಮನೆಯಲ್ಲಿ ಹೆಗಲೇರುತ್ತದೆ. ಏನದು?"

"ದೀಪ," ಎಂದ ಆಸ್ಥಾನದ ಪಂಡಿತ. ತಲೆ ಹೋಯಿತು.

"ಪಲ್ಲಕ್ಕಿ," ಎಂದ ದಳವಾಯಿಯ ಮಗ. ಅದನ್ನು ಹತ್ತಿ ಗೊತ್ತೇ ಹೊರತು ಹೊತ್ತು ಗೊತ್ತಿಲ್ಲದವನು. ಅವನದೂ ಹೋಯಿತು.

ತಿಪ್ಪ ಮಣ್ಣಿನ ಕೈ ಮುಗಿದ. "ಮಡಕೆ, ತಾಯಿ. ಹೆರಿಗೆಯಾದರೆ ಮಾಸನ್ನು ಮಡಕೆಯಲ್ಲಿಟ್ಟು ಹೂಳ್ತೀವಿ. ಸತ್ತರೆ ನೀರು ತುಂಬಿ ಹೆಗಲಲ್ಲಿ ಹೊತ್ತು ಒಡೀತೀವಿ. ಎರಡನ್ನೂ ಮಾಡಿಕೊಡೋನು ನಾನೇ."

ರಾಜಕುಮಾರಿ ಎರಡನೆಯದು ಹಾಕಿದಳು: "ಈ ವರ್ಷ ಅರಮನೆಯಲ್ಲಿ ಹುಟ್ಟಿತು, ಗುಡಿಸಲುಗಳು ಸಾಕಿದವು. ಎಷ್ಟು ತಿಂದರೂ ಹೊಟ್ಟೆ ತುಂಬದು."

ತಿಪ್ಪ ರಾಜನನ್ನು ನೋಡಲಿಲ್ಲ. "ಯುದ್ಧ."

ಮೂರನೆಯದನ್ನು ಅವಳು ಪೀಠದಿಂದಿಳಿದು ಬಂದು ಕೇಳಿದಳು. "ಮನೆ ಬಿಟ್ಟು ಹೋದವನು. ಅವನಿಗಾಗಿ ಅಳುವಂತಿಲ್ಲ, ನೆಮ್ಮದಿಯಾಗಿ ಉಣ್ಣುವಂತಿಲ್ಲ. ಹೆಂಡತಿ ಬಳೆ ತೆಗೆಯುವಂತಿಲ್ಲ, ಹೊಸದು ತೊಡುವಂತಿಲ್ಲ. ಯಾರವನು?"

"ಸುದ್ದಿ ಬಾರದವನು, ತಾಯಿ. ಅಂಥವರ ಅವ್ವಂದಿರು ನನ್ನ ಅಂಗಳಕ್ಕೆ ಬರ್ತಾರೆ. ಮಡಕೆ ತಟ್ಟಿ ನೋಡ್ತಾರೆ. ಬೇಡ ಅಂತ ಹೋಗ್ತಾರೆ. ಮರುದಿನ ಮತ್ತೆ ಬರ್ತಾರೆ."

ರಾಜಕುಮಾರಿ ಸರಿಯೆಂದು ತಲೆಯಾಡಿಸಿದಳು.

"ಏನು ಬೇಕು? ಅರ್ಧ ರಾಜ್ಯವೇ? ರಾಜಕುಮಾರಿಯೇ?" ರಾಜ ಕೇಳಿದ.

"ಬುದ್ಧೀ, ಮನೆಯಲ್ಲಿರೋ ಒಬ್ಬಳ ಬೈಗುಳಕ್ಕೇ ಕಿವಿ ಸಾಲದು. ಆ ಪೆಟ್ಟಿಗೆ ತೆರೆಸಿ, ಹೆಸರು ಓದಿಸಿ."

ಕೊಟ್ಟ ಮಾತು. ರಾಜನೇ ಓಲೆ ಬಿಚ್ಚಿದ. ಮೊದಲನೆಯ ಹೆಸರು ಅವನ ಮಗನದು. ಬೀಗ ಯಾಕೆ ಬಿದ್ದಿತ್ತೆಂದು ಆಗ ಎಲ್ಲರಿಗೂ ತಿಳಿಯಿತು. ಹದಿನೇಳನೆಯದು ಸಣ್ಣೀರನದು. ಓದಿ ಮುಗಿಸಿದ ರಾಜ ಡಂಗುರದವನನ್ನು ಕರೆದು ದಂಡು ಹಿಂದಕ್ಕೆ ಬರಲಿ ಎಂದು ಸಾರಿಸಿದ.

ತಿಪ್ಪ ಮನೆಗೆ ಬಂದು ಮೂಲೆಯ ಮಡಕೆಯನ್ನು ಹೆಗಲಿಗೆತ್ತಿಕೊಂಡ. ಗಿಡ್ಡವ್ವ ವರ್ಷದ ಅಳುವನ್ನು ಒಂದೇ ಸಲ ಅತ್ತಳು. ಅವನು ಮಡಕೆ ಒಡೆದು ಬಂದಾಗ ಅವಳು ಹಾಡುಹಗಲೇ ತಿಗರಿಯ ಪಕ್ಕದಲ್ಲಿ ಮಲಗಿ ನಿದ್ದೆ ಹೋಗಿದ್ದಳು.

ಚೆನ್ನಿ ಮಗುವಿನ ಬಾಯಿಗೆ ಮೊಲೆಯಿಟ್ಟು ಗಂಡನಿಗೆ ಪಿಸುಗುಟ್ಟಿದಳು: "ಮೆಲ್ಲಗೆ ಕಾಲಿಡು, ಕೋಣ. ಅತ್ತೆ ಎದ್ದಾರು."