ಜೇಡಿಮಣ್ಣು ದಾರಿ ಬಿಡಲಿಲ್ಲ

ಬೆಟ್ಟದ ಆಳದಲ್ಲಿ ಮನುಷ್ಯರು ಅಣುಸ್ಥಾವರದ ವಿಕಿರಣ ಸೂಸುವ ಕಸವನ್ನು ಉಕ್ಕಿನ ಪೀಪಾಯಿಗೆ ತುಂಬಿಟ್ಟು, ಸುತ್ತಲೂ ಒಣ ಜೇಡಿಮಣ್ಣನ್ನು ಗಟ್ಟಿಯಾಗಿ ಒತ್ತಿ ಹೋಗಿದ್ದರು. ಒಂದು ದಿನ ಕಲ್ಲು ಸೀಳಿಕೊಂಡು ಒರತೆ ಬಂತು.

"ಏ ಮಣ್ಣೇ, ದಾರಿ ಬಿಡು. ಬಂಡೆಯೇ ಬಿಟ್ಟಿದೆ, ನೀನು ಯಾವ ಲೆಕ್ಕ?"

"ಪೀಪಾಯಿಗೆ ತುಕ್ಕು ಹಿಡಿಸಿ, ಒಳಗಿನ ವಿಷ ಹೊತ್ತು ಎಲ್ಲಿಗೆ ಹೋಗುತ್ತೀ?"

"ಕೆಳಗಿನ ಊರ ಬಾವಿಗೆ. ಹೊತ್ತದ್ದು ಏನಾದರೆ ನನಗೇನು? ಹರಿಯುವುದಷ್ಟೇ ನನ್ನ ಕೆಲಸ."

"ಹಾಗಾದರೆ ತಡೆಯುವುದು ನನ್ನದು."

ಒರತೆ ರೇಗಿ ನುಗ್ಗಿತು. ಮಣ್ಣು ಕದಲಲಿಲ್ಲ, ಬಂದ ನೀರನ್ನೆಲ್ಲ ಕುಡಿಯಿತು. ಕುಡಿದಷ್ಟೂ ಊದಿತು, ಊದಿದಷ್ಟೂ ಸುತ್ತಲಿನ ಬಿರುಕುಗಳು ಮುಚ್ಚಿಕೊಂಡವು.

"ನೆನೆದರೆ ಕರಗಿಹೋಗುತ್ತೀ ಅಂದುಕೊಂಡಿದ್ದೆ," ಎಂದು ಒರತೆ ಏದುಸಿರು ಬಿಟ್ಟಿತು.

"ನೆನೆಯಲೆಂದೇ ಕಾದು ಕೂತಿದ್ದೆ," ಎಂದಿತು ಮಣ್ಣು. "ಇನ್ನೂ ಇದ್ದರೆ ತಾ."